ಕೇಶಿರಾಜನೂ ಕ್ವಾಂಟಮ್ ಗಣಕವೂ

ವ್ಯಾಕರಣವೆಂಬ ಹೆಸರು ಕೇಳಿದೊಡನೆ ಮುಖ ಹುಳ್ಳಗೆ ಮಾಡಿಕೊಳ್ಳದ ವಿದ್ಯಾರ್ಥಿಯನ್ನು ನಾನು ಕಂಡದ್ದು ಕಡಮೆ. ಕಾವ್ಯದ ತರಗತಿಯನ್ನು ಕಿಟಕಿಯ ಹೊರಗೆ ನಿಂತು ಕೇಳುವವರೂ ಉಂಟು. 'ಶಬ್ದಮಣಿದರ್ಪಣ'ದ ತರಗತಿಯಲ್ಲಾದರೋ ಒಳಗೆ ಕುಳಿತವರ ಮನಸ್ಸೂ ಕಿಟಕಿಯ ಹೊರಗೇ ಇರುತ್ತದೆ. ಅವರನ್ನು ದೂರಲಾರೆ. ಮಾತನಾಡುವುದಕ್ಕೆ ವ್ಯಾಕರಣವೇಕೆ, ಹುಟ್ಟಿದ ಮಗು ಕೇಶಿರಾಜನನ್ನು ಓದಿಕೊಂಡು 'ಅಮ್ಮಾ' ಎಂದೀತೆ ಎಂದು ಅವರು ಕೇಳಿದರೆ, ಅರಸೀಕೆರೆಯ ಕನ್ನಡ ಉಪನ್ಯಾಸಕನಾದ ನನಗೂ ತುಸು ಹೊತ್ತು ಯೋಚಿಸಬೇಕಾಗುತ್ತದೆ. ಈ ಪ್ರಶ್ನೆಗೆ ಉತ್ತರ ದೊರೆತದ್ದು ಯಾವ ಪಂಡಿತರಿಂದಲೂ ಅಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನಿಂದ.

ಆ ಉದ್ಯೋಗವೇನೆಂಬುದು ನಮ್ಮ ಮನೆಯಲ್ಲಿ ಬಹುಕಾಲ ಒಗಟಾಗಿತ್ತು. ನೆರೆಹೊರೆಯವರು ವಿಚಾರಿಸಿದರೆ ನನ್ನ ಅಕ್ಕ, "ಅದೇನೋ ಕಂಪ್ಯೂಟರು" ಎಂದು ಮಾತು ಬದಲಿಸುವಳು. ಮಗನನ್ನೇ ಕೇಳಿದರೆ ಅವನು ಎರಡು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಹೇಳಿ ಮೂರನೆಯದಕ್ಕೆ ಸುಮ್ಮನಾಗುವನು. ಸಾಲ ಮಾಡಿ ಓದಿಸಿದ ತಾಯಿಗೆ ಮಗನ ದುಡಿಮೆ ಎಂಥದೆಂದು ತಿಳಿಯದಿರುವುದು ಸಣ್ಣ ನೋವಲ್ಲ. ಕಳೆದ ದಸರೆಗೆ ಅವನು ಬಂದಿದ್ದಾಗ, "ಮೂವರೂ ಹಳೇಬೀಡು, ಬೇಲೂರು ನೋಡಿಕೊಂಡು ಬರೋಣ. ದಾರಿಯುದ್ದಕ್ಕೂ ನಿನ್ನ ಕೆಲಸವನ್ನು ಕನ್ನಡದಲ್ಲಿ ಹೇಳತಕ್ಕದ್ದು" ಎಂದು ನಾನೇ ಹೊರಡಿಸಿದೆ.

ಬಸ್ಸು ಬಾಣಾವರದ ದಾರಿ ಹಿಡಿಯಿತು. ಅವನು ತಡವರಿಸುತ್ತಲೇ ಆರಂಭಿಸಿದ. ನಾವು ಬಳಸುವ ಗಣಕದಲ್ಲಿ ಎಲ್ಲವೂ ಸೊನ್ನೆ ಅಥವಾ ಒಂದು. ಅದಕ್ಕೆ ಬಿಟ್ ಎಂದು ಹೆಸರು. ಕ್ವಾಂಟಮ್ ಗಣಕದ ಕ್ಯೂಬಿಟ್ ಅಲೆಯ ಸ್ವಭಾವದ್ದು. ಅದರಲ್ಲಿ ಸೊನ್ನೆಯ ಅಂಶವೂ ಒಂದರ ಅಂಶವೂ ಬೆರೆತಿರಬಲ್ಲುವು.

"ಒಂದೇ ರೈಲು ಅರಸೀಕೆರೆ ಜಂಕ್ಷನ್ನಿನಿಂದ ಹುಬ್ಬಳ್ಳಿಗೂ ಮೈಸೂರಿಗೂ ಏಕಕಾಲದಲ್ಲಿ ಹೊರಟಂತೆ ಎಂದು ಹಲವರು ವಿವರಿಸುತ್ತಾರೆ, ಮಾವ. ಅದು ಸರಿಯಲ್ಲ. ಕೆರೆಗೆ ಎರಡು ಕಲ್ಲು ಹಾಕಿ ನೋಡಿ. ಅಲೆಗಳು ಕೆಲವೆಡೆ ಕೂಡಿ ಎತ್ತರವಾಗುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ತಪ್ಪು ಉತ್ತರಗಳ ಅಲೆ ಅಳಿಸಿಹೋಗಿ ಸರಿಯುತ್ತರದ ಅಲೆ ಮೇಲೇಳುವಂತೆ ಆಜ್ಞೆಗಳನ್ನು ಜೋಡಿಸುವುದೇ ಇಲ್ಲಿಯ ಲೆಕ್ಕ."

"ಆ ಆಜ್ಞೆಗಳನ್ನು ನೀನು ಬರೆಯುತ್ತೀಯೋ?" ಎಂದಳು ಅಕ್ಕ.

"ಇಲ್ಲಮ್ಮ. ಅವನ್ನು ಬರೆಯುವವರಿಗೆ ಬೇಕಾದ ಭಾಷೆಯನ್ನು ಕಟ್ಟುತ್ತೇವೆ."

ಭಾಷೆಯನ್ನು ಕಟ್ಟುವುದೆಂದೊಡನೆ ನನ್ನ ಕಿವಿ ನೆಟ್ಟಗಾಯಿತು. ಆ ಭಾಷೆಯಲ್ಲಿ ಏನೇನನ್ನು ಹೇಳಬಹುದೆಂದು ಕೇಳಿದೆ. ಅವನು ಮೊದಲು ಹೇಳಿದ್ದು ಏನೇನನ್ನು ಹೇಳಬಾರದೆಂಬುದನ್ನು. ಅಂಥ ನಿಷೇಧಗಳು ಮುಖ್ಯವಾಗಿ ಮೂರು. ಒಂದು, ನಕಲು ಕೂಡದು. ತಿಳಿಯದ ಕ್ವಾಂಟಮ್ ಸ್ಥಿತಿಯೊಂದರ ಪ್ರತಿ ಮಾಡಲು ಪ್ರಕೃತಿಯೇ ಬಿಡದೆಂದು 1982ರಲ್ಲಿ ವೂಟರ್ಸ್ ಮತ್ತು ಜೂರೆಕ್, ಬೇರೆಯಾಗಿ ಡೀಕ್ಸ್ ತೋರಿಸಿಕೊಟ್ಟರು. 'ಇದರ ಪ್ರತಿಯೊಂದನ್ನು ಅಲ್ಲಿಡು' ಎಂಬುದು ಸಾಮಾನ್ಯ ಗಣಕಕ್ಕೆ ನಿತ್ಯದ ಮಾತು. ಇಲ್ಲಿ ಅಶುದ್ಧ ಪ್ರಯೋಗ. ಎರಡು, ನಡುವೆ ಇಣುಕಕೂಡದು. ಅಳೆದೊಡನೆ ಅಲೆ ಅಡಗಿ ಸೊನ್ನೆಯೋ ಒಂದೋ ಮಾತ್ರ ಉಳಿಯುತ್ತದೆ. ಆದಕಾರಣ ತಪ್ಪೆಲ್ಲಿದೆಯೆಂದು ಅರ್ಧದಲ್ಲಿ ತೆರೆದು ನೋಡುವಂತಿಲ್ಲ. ಮೂರು, ಅಳಿಸಕೂಡದು. ಪಕ್ಕದಲ್ಲಿ ಮಾಡಿಕೊಂಡ ಚಿಲ್ಲರೆ ಲೆಕ್ಕವನ್ನು ಸ್ಲೇಟಿನಂತೆ ಒರೆಸಿದರೆ ಮುಖ್ಯ ಲೆಕ್ಕವೂ ಕೆಡುತ್ತದೆ. ಬಂದ ಹೆಜ್ಜೆಯಲ್ಲೇ ಹಿಂದೆ ನಡೆದು ಅದನ್ನು ಬಿಚ್ಚಬೇಕು.

"ರೈಲಿನ ಟಿಕೀಟು ಇದ್ದಂತೆ ಮಾವ. ಒಂದು ಪ್ರಯಾಣಕ್ಕೆ ಒಂದೇ ಸಲ. ಭಾಷೆಯಲ್ಲಿ ಕ್ಯೂಬಿಟ್ಟಿಗೆ ಕೊಟ್ಟ ಹೆಸರನ್ನೂ ಹಾಗೆಯೇ ಎಣಿಸಿ ಬಳಸಬೇಕು. ಎರಡು ಸಲ ಬಳಸಿದರೆ ಯಂತ್ರಕ್ಕೆ ಹೋಗುವ ಮೊದಲೇ ಭಾಷೆ ತಡೆಯಬೇಕು. ಯಂತ್ರದ ಒಂದೊಂದು ನಿಮಿಷವೂ ದುಬಾರಿ."

ಇದಕ್ಕೆಲ್ಲ ಒಂದು ಚರಿತ್ರೆಯೂ ಉಂಟು. ಹೇಳಿಕೊಳ್ಳುವಂಥ ಯಂತ್ರವೇ ಇರದಿದ್ದ 1996ರಲ್ಲಿ ಎಮಾನ್ಯುಯೆಲ್ ನಿಲ್ ಎಂಬ ವಿದ್ವಾಂಸರು ಇಂಥ ಆಜ್ಞೆಗಳನ್ನು ಬರೆಯುವ ಕ್ರಮವನ್ನು ಸೂಚಿಸಿದರು. 2013ರಲ್ಲಿ ಕ್ವಿಪ್ಪರ್, 2017ರಲ್ಲಿ ಐ.ಬಿ.ಎಂ.ನವರ ಕಿಸ್ಕಿಟ್, ಅದೇ ವರ್ಷ ಮೈಕ್ರೋಸಾಫ್ಟಿನವರ ಕ್ಯೂ-ಶಾರ್ಪ್ ಬಂದುವು. ಚಿಲ್ಲರೆ ಲೆಕ್ಕವನ್ನು ತಾನಾಗಿಯೇ ಬಿಚ್ಚಿಕೊಡುವ ಸಿಲ್ಕ್ ಎಂಬ ಭಾಷೆ 2020ರಲ್ಲಿ ಜ್ಯೂರಿಕ್ಕಿನಿಂದ ಬಂದಿತು. ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. 6003 ಕೋಟಿ ರೂಪಾಯಿಗೂ ಮೀರಿದ ರಾಷ್ಟ್ರೀಯ ಕ್ವಾಂಟಮ್ ಅಭಿಯಾನಕ್ಕೆ 2023ರಲ್ಲಿ ಒಪ್ಪಿಗೆ ದೊರೆತು, ಅದರ ಗಣಕ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿಗೆ ಬಂದಿತು. ಬೆಂಗಳೂರಿನದೇ ಆದ ಕ್ಯೂಪಿಎಐ ಸಂಸ್ಥೆ 25 ಕ್ಯೂಬಿಟ್ಟುಗಳ ಗಣಕವೊಂದನ್ನು 2025ರಲ್ಲಿ ಹೊರತಂದಿತು.

ಆಮೇಲೆ ಅವನು ಹೇಳಿದ್ದನ್ನು ಕೇಳಿ ನಾನು ಆಸನದಿಂದ ಎದ್ದೇಬಿಡುವುದರಲ್ಲಿದ್ದೆ. ಬರೆದ ಆಜ್ಞೆಗಳನ್ನು ಯಂತ್ರಕ್ಕೆ ಒಗ್ಗುವಂತೆ ಮಾರ್ಪಡಿಸುವ ಸಾಧನ ಒಂದುಂಟು, ಕಂಪೈಲರ್ ಎಂದು. ಅಳಿಯನ ದಿನದ ದುಡಿಮೆ ಅದರಲ್ಲೇ. 'ಮಗುಚು' ಎಂದು ಹೇಳಿ, ಒಡನೆಯೇ ಮತ್ತೆ 'ಮಗುಚು' ಎಂದರೆ ಎರಡು ಆಜ್ಞೆಗಳನ್ನೂ ಅದು ಬಿಟ್ಟುಬಿಡುತ್ತದೆ. ದೂರದಲ್ಲಿರುವ ಎರಡು ಕ್ಯೂಬಿಟ್ಟುಗಳು ಕೂಡಬೇಕಾದರೆ ಸ್ಥಳ ಬದಲಿಸುವ ಹೊಸ ಆಜ್ಞೆಯನ್ನು ನಡುವೆ ತಂದು ಸೇರಿಸುತ್ತದೆ. ಯಂತ್ರ ಅರಿಯದ ಆಜ್ಞೆ ಬಂದರೆ ಅದನ್ನು ತೆಗೆದು, ಅರಿತವನ್ನು ಆ ಸ್ಥಾನದಲ್ಲಿಡುತ್ತದೆ.

"ಲೋಪ, ಆಗಮ, ಆದೇಶ!" ಎಂದು ಕೂಗಿದೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಬೇರೆ ಮತ್ತು ಒಬ್ಬ ಕೂಡಿ ಬೇರೊಬ್ಬನಾಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ. ಮನೆಗೆ ಅನ್ನು ಸೇರಿ ಮನೆಯನ್ನು ಎಂದಾಗುವಾಗ ಕರೆಯದ ಯಕಾರ ಬಂದು ನಿಲ್ಲುತ್ತದೆ. ಮಳೆ, ಕಾಲ ಕೂಡಿ ಮಳೆಗಾಲವಾಗುವಾಗ ಕಕಾರದ ಜಾಗದಲ್ಲಿ ಗಕಾರ ಕುಳಿತುಕೊಳ್ಳುತ್ತದೆ. ನಾಲಗೆಯ ಸುಖಕ್ಕಾಗಿ ಕನ್ನಡಿಗರು ಮಾಡಿಕೊಂಡದ್ದನ್ನೇ, ಅಲೆ ಕೆಡುವ ಮುನ್ನ ಲೆಕ್ಕ ಮುಗಿಯಲೆಂದು ಇವರು ಮಾಡುತ್ತಿದ್ದಾರೆ. "ಸಂಧಿ ಮಾಡಬಾರದ ಕಡೆಯೂ ಉಂಟಲ್ಲ? 'ಅಕ್ಕಾ ಇತ್ತ ಬಾ' ಎಂಬಲ್ಲಿ ಎರಡು ಪದಗಳನ್ನು ಕೂಡಿಸಬಾರದು. ಅದು ಪ್ರಕೃತಿಭಾವ" ಎಂದೆ. ಅಳಿಯ ನಕ್ಕ. ಅವರಲ್ಲಿಯೂ 'ತಡೆ' ಎಂಬ ಆಜ್ಞೆಯೊಂದಿದೆಯಂತೆ. ಅದರ ಆಚೀಚೆಯವನ್ನು ಕೂಡಿಸಕೂಡದೆಂದು ಬರೆದವನೇ ಹೇಳಿಡುವುದು. ಹದಿಮೂರನೆಯ ಶತಮಾನದಲ್ಲಿ ಸಂಧಿಪ್ರಕರಣ ಬರೆದ ಕೇಶಿರಾಜ, ಹೊಯ್ಸಳರ ಆಸ್ಥಾನದ ಜನ್ನ ಕವಿಗೆ ಸೋದರಳಿಯ. ಸೋದರಳಿಯಂದಿರಿಗೆ ವ್ಯಾಕರಣ ಒಲಿಯುವುದು ಈ ಸೀಮೆಯ ಗುಣವೋ ಏನೋ!

ಹಳೇಬೀಡಿನಲ್ಲಿ ಅವನು ಹೊಯ್ಸಳೇಶ್ವರನ ಗುಡಿಯ ಗೋಡೆಯ ಮುಂದೆ ಬಹಳ ಹೊತ್ತು ನಿಂತ. ಬಳಪದ ಕಲ್ಲಿನಲ್ಲಿ ಉಳಿಯ ಪೆಟ್ಟು ಒಮ್ಮೆ ಬಿದ್ದರೆ ಹಿಂತೆಗೆಯುವಂತಿಲ್ಲ. ಅವನ ಯಂತ್ರದಲ್ಲಾದರೋ ಹಿಂತೆಗೆಯಲಾಗದ ಪೆಟ್ಟನ್ನು ಕೊನೆಯವರೆಗೂ ಹಾಕಬಾರದು. ಅಲ್ಲಿಂದ ಬೇಲೂರಿಗೆ 16 ಕಿಲೋಮೀಟರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಕೊರೆದಿಟ್ಟಿದ್ದಾರೆ. ಅದನ್ನು ವಿವರಿಸುತ್ತಿದ್ದಾಗ ಅಳಿಯ ಮೆಲ್ಲನೆ, "ಉಳಿ ಹದಮಾಡಿ ಕೊಟ್ಟವರ ಹೆಸರು ಎಲ್ಲಿಯೂ ಇಲ್ಲವಲ್ಲ ಮಾವ. ನಮ್ಮ ಕೆಲಸ ಅದು" ಎಂದ.

ಅಕ್ಕ ಸ್ವಲ್ಪ ಯೋಚಿಸಿ, "ಹಾಗಾದರೆ ಶಿಲ್ಪಿಗಳು ಇನ್ನೂ ಬಂದಿಲ್ಲವೋ? ಬರೀ ಉಳಿ ಸಿದ್ಧವೋ?" ಎಂದಳು.

"ಶಿಲ್ಪಿಗಳಿದ್ದಾರಮ್ಮ. ಕಲ್ಲೇ ಇನ್ನೂ ಚಿಕ್ಕದು."

ಆ ಮಾತಿನಲ್ಲಿ ವಿನೋದವಿದ್ದರೂ ಕಣ್ಣಿನಲ್ಲಿರಲಿಲ್ಲ. ಅವನ ಅಳುಕು ನನಗೆ ಅರ್ಥವಾಯಿತು. ಪಂಪನು 941ರಲ್ಲಿ ಕಾವ್ಯ ಬರೆದು ಮೂರು ಶತಮಾನಗಳಾದ ಮೇಲೆ ಕೇಶಿರಾಜ ವ್ಯಾಕರಣಕ್ಕೆ ಕೈಹಾಕಿದ. ಅವನ ಬೆನ್ನಿಗೆ ಕವಿಗಳ ಸಾಲೇ ಇತ್ತು. ಇವರಿಗೆ ಅಂಥ ಬೆಂಬಲವಿಲ್ಲ. ದೊಡ್ಡ ಸಂಖ್ಯೆಗಳನ್ನು ಒಡೆಯುವ ಶೋರ್ ಅವರ 1994ರ ಕ್ರಮ, ರಾಶಿಯೊಳಗೆ ಹುಡುಕುವ ಲವ್ ಗ್ರೋವರ್ ಅವರ 1996ರ ಕ್ರಮ, ಹೀಗೆ ಕೈಬೆರಳಿನಲ್ಲಿ ಎಣಿಸುವಷ್ಟು ಕಾವ್ಯ ಹಿಡಿದು, ಮುಂದೆ ಬರಬಹುದಾದ ಕವಿಗಳಿಗಾಗಿ ಇವರು ವ್ಯಾಕರಣ ಬರೆಯುತ್ತಿದ್ದಾರೆ. ಕಲ್ಲು ದೊಡ್ಡದಾಗದೆ ಹೋದರೆ ಒಂದು ತಲೆಮಾರಿನ ಹರೆಯ ಉಳಿ ಮಸೆಯುವುದರಲ್ಲೇ ಕಳೆದೀತು. ಆ ಭಯಕ್ಕೆ ನನ್ನಲ್ಲಿ ಔಷಧವಿಲ್ಲ.

ಆದರೆ ನನ್ನ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರವಿದೆ. ಮಗು ಕೇಶಿರಾಜನಿಲ್ಲದೆ ಮಾತು ಕಲಿಯುವುದು ಹೌದು. ತಪ್ಪಿದಾಗಲೆಲ್ಲ ತಿದ್ದಲು ತಾಯಿಯಿದ್ದಾಳೆ. ಈ ಹೊಸ ಭಾಷೆಗಳಿಗೆ ತಾಯಿಯಿಲ್ಲ. ತಪ್ಪು ವಾಕ್ಯವನ್ನು ಯಂತ್ರ ನಕ್ಕು ತಿದ್ದುವುದಿಲ್ಲ. ತಪ್ಪುತ್ತರವನ್ನು ಗಂಭೀರವಾಗಿ ಕೊಟ್ಟು ಸುಮ್ಮನಾಗುತ್ತದೆ. ಅಲ್ಲಿ ವ್ಯಾಕರಣವೇ ತಾಯಿಯ ಸ್ಥಾನದಲ್ಲಿ ನಿಲ್ಲಬೇಕು.

ಈಗ ನೆರೆಯವರು ವಿಚಾರಿಸಿದರೆ ಅಕ್ಕ ಮಾತು ಬದಲಿಸುವುದಿಲ್ಲ. "ಯಂತ್ರಕ್ಕೆ ವ್ಯಾಕರಣ ಬರೆಯುತ್ತಾನೆ" ಎನ್ನುತ್ತಾಳೆ. "ಅವರ ಮಾವನ ಹಾಗೆಯೇ" ಎಂದು ಕೆಲವೊಮ್ಮೆ ಸೇರಿಸುವುದೂ ಉಂಟು. ಅದು ಹೊಗಳಿಕೆಯೋ ಅಲ್ಲವೋ, ನಾನು ಕೇಳಿಲ್ಲ.