ಬಾಗಿಲ ಮೇಲಿನ ಬರಹ

ದೆವ್ವಗಳಲ್ಲಿಯೂ ಜಾತಿಗಳುಂಟು. ನಮ್ಮ ಕಂಪ್ಲಿಯ ಕಡೆಯ ದೆವ್ವ ಹುಣಿಸೆಮರದಲ್ಲಿಯೋ ಹಾಳುಬಾವಿಯಲ್ಲಿಯೋ ವಾಸವಾಗಿದ್ದು, ಅಮಾವಾಸ್ಯೆಯ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದವನ ಬೆನ್ನು ಹತ್ತುವಂಥದು. ಯುರೋಪಿನದು ಹಾಗಲ್ಲ, ಅದಕ್ಕೆ ಕೋಟೆ ಬೇಕು, ಬಿರುದು ಬೇಕು, ಮನೆ ಕೊಳ್ಳಲು ಕಾಗದಪತ್ರವೂ ಬೇಕು. 1922ರಲ್ಲಿ ಜರ್ಮನಿಯ ಮುರ್ನೌ ಎಂಬಾತ ತೆಗೆದ 'ನೊಸ್ಫೆರಾಟು' ಎಂಬ ಮೂಕಿಚಿತ್ರದ ಕೌಂಟ್ ಓರ್ಲಾಕ್ ಇಂಥದೊಂದು ದೆವ್ವ. ಬೋಳುತಲೆ, ಇಲಿಯಂಥ ಮುಂಬಲ್ಲು, ನೀಳವಾದ ಉಗುರು. ಮ್ಯಾಕ್ಸ್ ಶ್ರೆಕ್ ಎಂಬ ನಟನ ಈ ರೂಪವನ್ನು ಒಮ್ಮೆ ಕಂಡವರು ಮರೆಯಲಾರರು.

ಚಿತ್ರ ಉಳಿದುಬಂದದ್ದೂ ಒಂದು ದೆವ್ವದ ಕಥೆಯೇ. ಬ್ರಾಮ್ ಸ್ಟೋಕರನ 1897ರ 'ಡ್ರಾಕುಲಾ' ಕಾದಂಬರಿಯನ್ನು ಅಪ್ಪಣೆಯಿಲ್ಲದೆ, ಹೆಸರುಗಳನ್ನಷ್ಟೇ ಬದಲಿಸಿ ಬಳಸಿಕೊಂಡರೆಂದು ಆತನ ವಿಧವೆ ನ್ಯಾಯಾಲಯಕ್ಕೆ ಹೋದಳು. ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು 1925ರಲ್ಲಿ ತೀರ್ಪಾಯಿತು. ಕೆಲವು ಪ್ರತಿಗಳು ಹೇಗೋ ಉಳಿದವು. ಹೀಗಾಗಿ ತುಂಗಭದ್ರೆಯ ದಂಡೆಯ ಊರಿನಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ ನಾನು ಅದನ್ನು ನೋಡುವಂತಾಯಿತು. ಪಕ್ಕದಲ್ಲಿ ಅಜ್ಜಿ ಕುಳಿತಿದ್ದಳು. ನಡುನಡುವೆ ಬರುವ ಬರಹವನ್ನು ಆಕೆಗೆ ಕನ್ನಡದಲ್ಲಿ ಹೇಳುತ್ತಿದ್ದೆ.

ಓರ್ಲಾಕ್ ಮಣ್ಣು ತುಂಬಿದ ಶವಪೆಟ್ಟಿಗೆಗಳೊಡನೆ ಹಡಗಿನಲ್ಲಿ ಬರುತ್ತಾನೆ. ಪೆಟ್ಟಿಗೆಗಳಲ್ಲಿ ಇಲಿಗಳು. ನಾವಿಕರೆಲ್ಲ ಸತ್ತು, ಹಡಗು ತಾನಾಗಿಯೇ ವಿಸ್ಬೋರ್ಗ್ ಎಂಬ ಊರಿನ ಬಂದರನ್ನು ಸೇರುತ್ತದೆ. ಆಮೇಲೆ ಪ್ಲೇಗು. "ಇದು ದೆವ್ವ ಅಲ್ಲಪ್ಪ, ಬ್ಯಾನಿ" ಎಂದಳು ಅಜ್ಜಿ. 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಬಂದ ಪ್ಲೇಗು ನಮ್ಮ ನಾಡನ್ನು ವರ್ಷಗಟ್ಟಲೆ ಕಾಡಿದ್ದುಂಟು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಮಾತನ್ನು ಆಕೆ ಹಿರಿಯರಿಂದ ಕೇಳಿದವಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಗಿಲು. ಚಿತ್ರದಲ್ಲಿ ಒಬ್ಬಾತ ಬೀದಿಯಲ್ಲಿ ನಡೆಯುತ್ತ ಬೇನೆ ಹೊಕ್ಕ ಮನೆಗಳ ಬಾಗಿಲಿಗೆ ಶಿಲುಬೆಯ ಗುರುತು ಹಾಕುತ್ತಾನೆ. ಗುರುತು ಯಾರಿಗಾಗಿ? ದೆವ್ವ ಆಗಲೇ ಒಳಹೊಕ್ಕು ಹೋಗಿದೆ, ಅದು ನೆರೆಯವರಿಗಾಗಿ. ಮುಂದೆ ಊರವರು ಬೆನ್ನಟ್ಟುವುದು ಓರ್ಲಾಕನನ್ನಲ್ಲ, ಬುದ್ಧಿ ಕೆಟ್ಟ ಒಬ್ಬ ಮನೆ ದಲ್ಲಾಳಿಯನ್ನು.

ನಮ್ಮಲ್ಲಿಯೂ ಬಾಗಿಲ ಮೇಲೆ ಬರೆದದ್ದುಂಟು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಗೋಡೆ, ಕದಗಳ ಮೇಲೆ 'ನಾಳೆ ಬಾ' ಎಂಬ ಎರಡು ಮಾತು ಕಾಣಿಸಿಕೊಂಡವು. ರಾತ್ರಿ ದೆವ್ವವೊಂದು ಬಂದು ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕೂಗುವುದಂತೆ, ಓಗೊಟ್ಟವರು ಉಳಿಯರಂತೆ. ಬರಹವನ್ನು ಓದಿ ಅದು ಹಿಂದಿರುಗುವುದು, ಮರುದಿನ ಬಂದು ಮತ್ತೆ ಅದನ್ನೇ ಓದುವುದು. ಕಿರಾಣಿ ಅಂಗಡಿಯ 'ಇಂದು ನಗದು, ನಾಳೆ ಉದ್ರಿ' ಎಂಬ ಹಲಗೆಯನ್ನು ನಂಬಿದ ಗಿರಾಕಿ ಇನ್ನೂ ಹುಟ್ಟಿಲ್ಲ. ದೆವ್ವ ಮಾತ್ರ ನಂಬಿತು! ನಮ್ಮ ದೆವ್ವಕ್ಕೆ ಓದು ಬರುತ್ತಿತ್ತೆಂಬುದು ಅಭಿಮಾನದ ಸಂಗತಿಯೇ ಸರಿ. ನಗೆ ಹಾಗಿರಲಿ. ಆ ಬರಹ ನೆರೆಯವರಿಗಲ್ಲ, ದೆವ್ವಕ್ಕೇ ಬರೆದದ್ದು. ಅದೂ ಎಲ್ಲರ ಬಾಗಿಲಿಗೂ. ನಮ್ಮ ಓಣಿಯಲ್ಲಿ ಅಕ್ಷರ ಬಾರದವರ ಕದಕ್ಕೆ ಪಕ್ಕದ ಮನೆಯ ಹುಡುಗರು ಇದ್ದಿಲಿನಿಂದ ಬರೆದುಕೊಟ್ಟರೆಂದು ಅಜ್ಜಿ ಹೇಳುತ್ತಾಳೆ.

ಓರ್ಲಾಕನನ್ನು ಕೊಂದದ್ದೂ ನಾಳೆಯೇ. ಎಲ್ಲೆನ್ ಎಂಬ ಹೆಣ್ಣುಮಗಳು ಬೀದಿಯಲ್ಲಿ ಸಾಲಾಗಿ ಹೋಗುವ ಶವಪೆಟ್ಟಿಗೆಗಳನ್ನು ಕಿಟಕಿಯಿಂದ ನೋಡಿ, ಊರೆಲ್ಲ ಕದವಿಕ್ಕಿಕೊಂಡಿರುವಾಗ ತಾನೊಬ್ಬಳು ಕಿಟಕಿ ತೆರೆಯುತ್ತಾಳೆ. ಕೋಳಿ ಕೂಗುವವರೆಗೆ ಅವನನ್ನು ತನ್ನ ಬಳಿಯೇ ತಡೆಯುತ್ತಾಳೆ. ಬಿಸಿಲು ಬಿದ್ದೊಡನೆ ಅವನು ಹೊಗೆಯಾದ, ಅವಳೂ ಉಳಿಯಲಿಲ್ಲ.

2020ರಲ್ಲಿ ನಮ್ಮ ಓಣಿಯ ಒಂದು ಬಾಗಿಲಿಗೆ ಬೇರೆ ಬರಹ ಬಂತು. ಬೆಂಗಳೂರಿನಿಂದ ಮರಳಿದ ಸಂಸಾರ. 14 ದಿನ ಯಾರೂ ಒಳಹೋಗಕೂಡದೆಂಬ ಚೀಟಿ. ಕೊರೋನಾ ಹರಡದಿರಲು ಅದು ಬೇಕಾಗಿತ್ತು, ಅಲ್ಲವೆನ್ನುವುದಿಲ್ಲ. ಆದರೆ ಜನ ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟು ಸುತ್ತುಹಾಕಿ ಹೋಗತೊಡಗಿದರು. ಚೀಟಿ ಕಿತ್ತಮೇಲೂ ಬಹುದಿನ ಹಾಗೆಯೇ ನಡೆಯಿತು. ಅಜ್ಜಿ ದಿನವೂ ಸಂಜೆ ಜೋಳದ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ ಅವರ ಕಟ್ಟೆಯ ಮೇಲಿಟ್ಟು, ನಾಲ್ಕು ಮಾರು ಹಿಂದೆ ಸರಿದು, ಆ ಮನೆಯಾಕೆಯ ಹೆಸರು ಹಿಡಿದು ಕೂಗುತ್ತಿದ್ದಳು. ಒಳಗಿನಿಂದ 'ಓ' ಎಂದ ದನಿ ಕೇಳಿದಮೇಲೆಯೇ ಮನೆಗೆ ಬರುವಳು.