ಆಕಾರಕ್ಕೂ ಅಂಚೆವೆಚ್ಚ

ಅಂಚೆಯವರು ತೂಕ ನೋಡಿ ಹಣ ಕೇಳುತ್ತಾರೆಂಬುದು ಎಲ್ಲರಿಗೂ ಗೊತ್ತು. ಆಕಾರಕ್ಕೂ ಬೆಲೆ ತೆರಬೇಕೆಂಬುದು ಮನೆಯಲ್ಲಿ ಮದುವೆ ಗೊತ್ತಾದ ಮೇಲೆ ತಿಳಿಯುತ್ತದೆ.

ನಾವು ಮುಂಬಯಿಯಲ್ಲಿ, ನಂಟರೆಲ್ಲ ಊರಿನಲ್ಲಿ. ಮೊಬೈಲಿನಲ್ಲಿ ಕರೆದರೆ ಹಿರಿಯರಿಗೆ ಕರೆದಂತಾಗದು, ಲಗ್ನಪತ್ರಿಕೆಯೇ ಹೋಗಬೇಕು. ಈಗಿನ ಪತ್ರಿಕೆಯೋ ಗಟ್ಟಿ ರಟ್ಟಿನದು; ಒಳಗೆ ಅಕ್ಷತೆಯ ಪೊಟ್ಟಣ, ಒಂದು ಅಡಕೆ. 5 ರೂಪಾಯಿಯ ಸ್ಟಾಂಪು 20 ಗ್ರಾಮಿನವರೆಗೆ ಮಾತ್ರ. ಮುಂದೆ ಪ್ರತಿ 20 ಗ್ರಾಮಿಗೂ ಮತ್ತೆ 5. ಹಾಗಾಗಿ 45 ಗ್ರಾಮಿನ ಪತ್ರಿಕೆಗೆ 15 ರೂಪಾಯಿ ಬೇಕು. 5 ರೂಪಾಯಿ ಹಚ್ಚಿ ಡಬ್ಬಿಗೆ ಹಾಕಿದರೆ ಅದು ‘ನಾಟ್‌ಪೇಡ್’. ಕೊರತೆಯ ಎರಡರಷ್ಟನ್ನು, ಅಂದರೆ 20 ರೂಪಾಯಿಯನ್ನು, ಪಡೆಯುವವರಿಂದ ವಸೂಲು ಮಾಡುವುದು ಅಂಚೆಯ ಹಳೆಯ ಪದ್ಧತಿ.

ನಮಗೆ ಪರಿಚಯದ ಒಂದು ಮನೆಯ ಪತ್ರಿಕೆ ಹೀಗೆಯೇ ಊರು ಸೇರಿತು. ದೊಡ್ಡಪ್ಪ ಮನೆಯಲ್ಲಿರಲಿಲ್ಲ, ಹಣ ಕೊಟ್ಟು ಬಿಡಿಸಿಕೊಳ್ಳುವವರಿಲ್ಲದೆ ಪತ್ರಿಕೆ ಹಿಂದಿರುಗಿತು, ಮದುವೆಯ ಊಟವೆಲ್ಲ ಮುಗಿದ ಮೇಲೆ. “ತಮ್ಮನ ಮಗಳ ಮದುವೆಗೆ ನಮಗೆ ಕರೆಯಿಲ್ಲ” ಎಂಬ ಆ ಹಿರಿಯರ ನೋವಿಗೆ ಯಾವ ಸ್ಟಾಂಪು ಹಚ್ಚೋಣ?

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೂ ಈ ತಾಪತ್ರಯ ತಪ್ಪಿದ್ದಲ್ಲ. ಅಲ್ಲಿ ಕಾಗದ ವಿಂಗಡಿಸುವುದು ಯಂತ್ರ. ಚೌಕನೆಯದು, ಉಬ್ಬಿದ್ದು, ಬಗ್ಗದ್ದು ಯಂತ್ರದಲ್ಲಿ ಸರಾಗವಾಗಿ ಹರಿಯದು; ಆದ್ದರಿಂದ ಅಂಥ ಲಕೋಟೆ ಹಗುರವಾಗಿದ್ದರೂ ಹೆಚ್ಚುವರಿ ದರ.

ಗೌರಿ ಹಬ್ಬಕ್ಕೆ ಮಗಳಿಗೆ ಕಳಿಸುವ ಮೊರದ ಬಾಗಿನದ್ದು ಇನ್ನೊಂದು ಬಗೆ. ಕೊರಿಯರಿನವರು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 45, 40, 20ರ ಪೆಟ್ಟಿಗೆ ಒಂದೂವರೆ ಕಿಲೋ ತೂಗಿದರೂ ಲೆಕ್ಕಕ್ಕೆ 7.2 ಕಿಲೋ! ಅನ್ಯಾಯವೆನಿಸಬಹುದು. ಆದರೆ ವಿರಾರ್ ಲೋಕಲಿನಲ್ಲಿ ದೊಡ್ಡ ಗಂಟು ಹಿಡಿದು ಹತ್ತಿದವರನ್ನು ನಾವೇ ಹೇಗೆ ನೋಡುತ್ತೇವೆ? ಅದರ ಭಾರ ನಮಗೇನು. ಅದು ಹಿಡಿದ ಜಾಗವಲ್ಲವೇ ನಮ್ಮ ಸಂಕಟ! ಮೊರಗಳನ್ನು ಒಂದರಮೇಲೊಂದು ಬಿಗಿಯಾಗಿ ಮುಚ್ಚಿ 40, 35, 10ರ ಪೆಟ್ಟಿಗೆಗೆ ಇಳಿಸಿದರೆ ಲೆಕ್ಕ 2.8 ಕಿಲೋಗೆ ಬರುತ್ತದೆ.

ಬೋರಿಬಂದರಿನ ಜಿ.ಪಿ.ಓ. 1913ರಲ್ಲಿ ಮುಗಿದ ಕಟ್ಟಡ. ಅದರ ಗುಮ್ಮಟಕ್ಕೆ ನಮ್ಮ ವಿಜಾಪುರದ ಗೋಳಗುಮ್ಮಟವೇ ಮಾದರಿ. ಅಲ್ಲಾಗಲಿ, ನಿಮ್ಮ ಉಪನಗರದ ಅಂಚೆಕಚೇರಿಯಲ್ಲಾಗಲಿ, ಸಿದ್ಧವಾದ ಒಂದು ಪತ್ರಿಕೆಯನ್ನು ಮೊದಲು ತೂಗಿಸಿ. ಆಮೇಲೆ ನೂರಕ್ಕೂ ಸ್ಟಾಂಪು ಹಚ್ಚಿ. ಕರೆಯುವವರು ನಾವು, ಕರೆಯ ಖರ್ಚೂ ನಮ್ಮದೇ ಆಗಿರಲಿ.