ಎಲೆ ಎತ್ತುವವರಾರು?

ನಮ್ಮ ಬಡಾವಣೆಯ ಪುಟ್ಟ ವಾಚನಾಲಯಕ್ಕೆ ಎರಡು ಕಂಪ್ಯೂಟರುಗಳು ದಾನವಾಗಿ ಬಂದಿವೆ. ದಾನದ ಹಸುವಿನ ಹಲ್ಲೆಣಿಸಬಾರದು, ನಿಜ. ಆದರೆ ಒಂದು ವಿಂಡೋಸ್ ಮತದ್ದು, ಇನ್ನೊಂದು ಲಿನಕ್ಸ್ ಮತದ್ದು. ಪುಸ್ತಕಗಳ ಕಾರ್ಡು ಬರೆದಿಡಲು ಎರಡರಲ್ಲೂ ನಡೆಯುವಂಥ ಕನ್ನಡದ ಪ್ರೋಗ್ರಾಮೊಂದು ಬೇಕೆಂದರು, ವಾಚನಾಲಯ ನೋಡಿಕೊಳ್ಳುವ ಮೇಷ್ಟರು. ಕೇಳಿದ್ದು ನನ್ನನ್ನು. ಹಿಂದೊಮ್ಮೆ ಬರೆದುಕೊಟ್ಟು ಕೆಟ್ಟ ಹೆಸರು ಪಡೆದವನೂ ನಾನೇ.

ಹೇಳಿಕೇಳಿ ನಾನು ಸಿ ಪ್ಲಸ್ ಪ್ಲಸ್ ಕಾಲದವನು. “ಕ್ಯೂಟಿಯಲ್ಲಿ ಬರೆದರಾಯಿತು” ಎಂದೆ. (ಅದನ್ನು ‘ಕ್ಯೂಟ್’ ಎನ್ನಬೇಕಂತೆ, ಈ ವಯಸ್ಸಿನಲ್ಲಿ ನನ್ನ ಬಾಯಿ ಅದಕ್ಕೆ ಒಪ್ಪುವುದಿಲ್ಲ.) 1995ರಲ್ಲಿ ನಾರ್ವೆಯಿಂದ ಹೊರಬಂದ ಸಲಕರಣೆ ಅದು. ಒಮ್ಮೆ ಬರೆದುದನ್ನು ಒಂದೊಂದು ಯಂತ್ರಕ್ಕೂ ಅದರದೇ ಮಾತಿಗೆ ಇಳಿಸಿಕೊಟ್ಟರೆ, ನಡುವೆ ದುಭಾಷಿಯಿಲ್ಲದೆ ನೇರವಾಗಿ ಓಡುತ್ತದೆ. ಕಿಟಕಿಯೊಳಗಿನ ಗುಂಡಿ, ಪಟ್ಟಿಗಳನ್ನು ತಾನೇ ಬರೆಯುತ್ತದೆ, ಆಯಾ ಮನೆಯ ಚಹರೆಯನ್ನು ಅನುಕರಿಸಿ. 1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಡಬ್ಲ್ಯುಎಕ್ಸ್ ಇನ್ನೂ ಸಂಕೋಚದ್ದು: ಹೋದ ಮನೆಯ ಪಾತ್ರೆಯಲ್ಲೇ ಅಡುಗೆ ಮಾಡುತ್ತದೆ.

ನನ್ನ ಸೋದರಳಿಯ ನಕ್ಕ. ಅವನು ಡಾಟ್‌ನೆಟ್ ಪಂಥದವನು. “ಅಲ್ಲಿ ಎಲೆ ಎತ್ತುವವರಾರು, ಮಾವ?” ಎಂದ.

ಈ ಮಾತಿನ ಮುಳ್ಳು ತಿಳಿಯಬೇಕಾದರೆ ಒಂದು ವಿಷಯ ಹೇಳಬೇಕು. ಪ್ರೋಗ್ರಾಮು ಓಡುವಾಗ ಯಂತ್ರದ ನೆನಪಿನಲ್ಲಿ ಆಗಾಗ ಜಾಗ ಬೇಡುತ್ತದೆ, ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡಂತೆ. ಸಿ ಪ್ಲಸ್ ಪ್ಲಸ್ ನಮ್ಮ ಅಜ್ಜಿಯ ಮನೆ: ಉಂಡವನೇ ಎಲೆ ಎತ್ತಬೇಕು. ಮರೆತರೆ ಎಂಜಲೆಲೆ ಸೇರಿ ಸೇರಿ ಕೂರಲು ಜಾಗವಿಲ್ಲ. ಅವಸರಪಟ್ಟರೆ ಇನ್ನೂ ಉಣ್ಣುತ್ತಿರುವವನ ಎಲೆಯನ್ನೇ ಎತ್ತಿ, ಅಲ್ಲಿ ಇನ್ನೊಬ್ಬನನ್ನು ಕೂರಿಸಿಬಿಡುತ್ತೇವೆ. ಮೊದಲಿನವನ ಕೈ ಹೊಸಬನ ಅನ್ನದೊಳಗೆ! ಜಾವಾ, ಡಾಟ್‌ನೆಟ್‌ಗಳದು ಮದುವೆಮನೆಯ ಏರ್ಪಾಡು. ಅಲ್ಲೊಬ್ಬ ಪಾರುಪತ್ಯಗಾರ ಇರುತ್ತಾನೆ. ಯಾರ ಊಟ ಮುಗಿಯಿತೆಂದು ತಾನೇ ನೋಡಿ ಎತ್ತಿಸುತ್ತಾನೆ. ಅವನು ಬಂದಾಗ ಬಡಿಸುವುದು ಒಂದು ಕ್ಷಣ ನಿಂತೀತು, ಅವನ ಪಾಲಿನ ಜಾಗವೂ ಬೇಕು. 2011ರಿಂದೀಚಿನ ಸಿ ಪ್ಲಸ್ ಪ್ಲಸ್ಸಿನಲ್ಲಿ ತಾವಾಗಿಯೇ ಎದ್ದುಹೋಗುವ ಜಾಣ ಎಲೆಗಳೂ ಇವೆ. ಅವನ್ನೇ ಹಾಕುವ ಶಿಸ್ತು ಮಾತ್ರ ನಮ್ಮದು. ನನ್ನಲ್ಲಿ ಅದು ಕಡಿಮೆ.

ಹಿಂದಿನ ನನ್ನ ಪ್ರೋಗ್ರಾಮು ಸತ್ತದ್ದು ಅಂಥ ಒಂದು ಎಲೆಯಿಂದ. ಮೇಷ್ಟರು ಇಡೀ ಮಧ್ಯಾಹ್ನ ಕೂತು, ಒಂದೇ ಬೆರಳಿನಲ್ಲಿ ನೂರಕ್ಕೂ ಮಿಕ್ಕ ಕಾರ್ಡು ಹೊಡೆದಿದ್ದರು. ಇನ್ನೂ ಉಳಿಸಿರಲಿಲ್ಲ. ಕಿಟಕಿ ಮಾಯವಾಯಿತು. ಅವರು ಬೈಯಲಿಲ್ಲ. “ನಾನೇ ಏನೋ ತಪ್ಪು ಒತ್ತಿದೆ” ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಆದರೂ ಸೋದರಳಿಯನ ಮುಂದೆ ಸುಮ್ಮನೆ ಸೋಲುವುದುಂಟೆ? “ನಿನ್ನ ಪಾರುಪತ್ಯಗಾರ ಲಿನಕ್ಸ್ ಮನೆಗೆ ಕಿಟಕಿ ತರುತ್ತಾನೆಯೆ?” ಎಂದೆ. 2002ರ ವಿನ್‌ಫಾರ್ಮ್ಸ್, 2006ರ ಡಬ್ಲ್ಯುಪಿಎಫ್, ಇವೆರಡೂ 2019ರಲ್ಲಿ ಡಾಟ್‌ನೆಟ್ ಕೋರ್ 3.0ಕ್ಕೆ ಬಂದಾಗಲೂ ವಿಂಡೋಸಿನ ಹೊಸ್ತಿಲು ದಾಟಲಿಲ್ಲ. 2022ರ ಮೌಯಿ ಫೋನಿಗೂ ಮ್ಯಾಕಿಗೂ ಹೋಯಿತು. ಲಿನಕ್ಸಿಗೆ ಮೈಕ್ರೋಸಾಫ್ಟಿನಿಂದ ಆಮಂತ್ರಣ ಬರಲಿಲ್ಲ. ಹುಡುಗ ತಬ್ಬಿಬ್ಬಾಗಲಿಲ್ಲ. “ಅವಲೋನಿಯಾ ಇದೆಯಲ್ಲ” ಎಂದ. ಡಾಟ್‌ನೆಟ್ ಮೇಲೆ ಹೊರಗಿನವರು ಕಟ್ಟಿದ್ದು. ಕ್ಯೂಟಿಯಂತೆ ಗುಂಡಿಗಳನ್ನೆಲ್ಲ ತಾನೇ ಬರೆದುಕೊಳ್ಳುತ್ತದೆ, ಆದ್ದರಿಂದ ಲಿನಕ್ಸಿನಲ್ಲೂ ಸರಿ.

ನನಗೆ ಇನ್ನೊಂದು ಗುಮಾನಿ ಉಳಿದಿತ್ತು. ‘ಸೂರ್ಯ’ ಎಂದು ಹೊಡೆಯುವಾಗ ರಕಾರ ಮೊದಲು ಬರುತ್ತದೆ. ಕಾಣುವಾಗ ಅರ್ಕಾವತ್ತಾಗಿ ಹಿಂದೆ ಕೂರಬೇಕು. ಎಲ್ಲವನ್ನೂ ತಾನೇ ಬರೆಯುವವನಿಗೆ ಇದು ತಿಳಿದೀತೆ? ವಿಚಾರಿಸಿದರೆ, ಎರಡರಲ್ಲೂ ಹಾರ್ಫ್‌ಬಜ್ ಎಂಬ ಒಂದೇ ಮೊಳೆ ಜೋಡಿಸುವವನಿದ್ದಾನೆ. ಜಾವಾ ಕೂಡ 2017ರ ತನ್ನ 9ನೆಯ ಆವೃತ್ತಿಗೆ ಅವನನ್ನೇ ಕರೆಸಿಕೊಂಡಿತು. ನನ್ನ ಕೊನೆಯ ಬಾಣವೂ ಹೋಯಿತು. ಅವನೇ ಬರೆಯಲೆಂದು ಬಿಟ್ಟೆ.

ಮೊನ್ನೆ ಮೇಷ್ಟರು ಹೊಸ ಕಿಟಕಿಯ ಮುಂದೆ ಕೂತರು. ಅದು ತೆರೆಯಲು ನನ್ನದಕ್ಕಿಂತ ಒಂದು ಉಸಿರಿನಷ್ಟು ತಡ. ನಾನು ಅದನ್ನು ತಪ್ಪದೆ ಎತ್ತಿ ತೋರಿಸಿದೆ. “ಕನ್ನಡಕ ಒರೆಸಿಕೊಳ್ಳಲು ಅಷ್ಟು ಬೇಕಾಗುತ್ತಪ್ಪ” ಎಂದರು. ಆಮೇಲೆ ಒಂದೊಂದೇ ಕಾರ್ಡು ಹೊಡೆದರು. ಹೊಡೆದ ಪ್ರತಿಯೊಂದನ್ನೂ ಪಕ್ಕದ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುತ್ತಿದ್ದರು. ನಾನು ಕಂಡೂ ಕಾಣದವನಂತೆ ಪತ್ರಿಕೆ ಓದುತ್ತಿದ್ದೆ.